ಬಚ್ಚಲ ಮೂಲೆ

ಮನೆ ಕಟ್ಟಿಸುವವರು ದೇವರ ಕೋಣೆಗೆ ದಿಕ್ಕು ನೋಡುತ್ತಾರೆ; ಅಡಿಗೆಮನೆಗೆ ಗಾಳಿ ಬೆಳಕು ನೋಡುತ್ತಾರೆ; ಪಡಸಾಲೆಗೆ ನೆಂಟರಿಷ್ಟರ ಕಣ್ಣನ್ನು ನೋಡುತ್ತಾರೆ. ಬಚ್ಚಲಿಗೆ ಮಾತ್ರ, ಇವೆಲ್ಲ ಮುಗಿದ ಮೇಲೆ ಉಳಿದ ಜಾಗವನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಬೆಳಗಾದರೆ ಮನೆಯವರೆಲ್ಲರೂ ಒಬ್ಬೊಬ್ಬರಾಗಿ ಹೊಕ್ಕು ಹೊರಬರುವ ಆ ನಾಲ್ಕು ಗೋಡೆಗಳ ಬಗ್ಗೆ ಯಾರೂ ಊಟದ ಹೊತ್ತಿನಲ್ಲಿ ಮಾತನಾಡುವುದಿಲ್ಲ. ಮಾತನಾಡುವ ಪ್ರಸಂಗ ಬಂದಿತೆಂದರೆ ಅಲ್ಲಿ ಏನೋ ಕೆಟ್ಟಿದೆ, ಇಲ್ಲವೆ ಯಾರೋ ಬಿದ್ದಿದ್ದಾರೆ ಎಂದೇ ಅರ್ಥ.

ಕಾರವಾರದ ಕೋಡಿಬಾಗದಲ್ಲಿ ಫ್ಲ್ಯಾಟು ಕೊಂಡ ಗಣಿತದ ಮಾಸ್ತರರೊಬ್ಬರ ಮನೆಯಲ್ಲಿ ಆ ಮಾತು ಒಂದು ಮಳೆಗಾಲ ಪೂರ್ತಿ ನಡೆಯಿತು. ಫ್ಲ್ಯಾಟೇನೋ ಚೆಂದದ್ದೇ. ಮುಂದಿನ ಕಿಟಕಿ ತೆರೆದರೆ ಕಾಳಿ ನದಿ ಕಡಲನ್ನು ಸೇರುವ ನೋಟ. 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ತಂಗಿದ್ದ ತರುಣ ರವೀಂದ್ರನಾಥ ಠಾಕೂರರು ಇದೇ ನದಿಯನ್ನೂ ಇದೇ ಕಡಲನ್ನೂ ಕಂಡು ಮೈಮರೆತರಂತೆ. ಆದರೆ ಬಚ್ಚಲಿನ ಕಿಟಕಿ ತೆರೆದರೆ ಕಾಣುವುದು ಕೊಳವೆಗಳು ಮಾತ್ರ. ಆ ಬಚ್ಚಲಿನ ಉದ್ದ 7 ಅಡಿ, ಅಗಲ 5 ಅಡಿ. ಅದರಲ್ಲಿ ಕಮೋಡು, ಕೈತೊಳೆಯುವ ಬೋಗುಣಿ, ಬಾಗಿಲು ತೆರೆಯುವ ಜಾಗ, ಇಷ್ಟನ್ನು ಕಳೆದರೆ ಮೀಯುವುದಕ್ಕೆ ಉಳಿಯುವುದು ಒಂದು ಮೂಲೆ. ಅಳೆದು ನೋಡಿದರೆ ಸರಿಯಾಗಿ 3 ಅಡಿಗೆ 3 ಅಡಿ.

ಆ ಮೂಲೆಗೆ ಒಂದು ಷವರ್ ಟ್ರೇ ಕೂಡಿಸಬೇಕೆಂಬುದು ಮಾಸ್ತರರ ಮಡದಿಯ ಇಚ್ಛೆ. ಟ್ರೇ ಎಂದರೆ ಬೇರೇನಲ್ಲ, ನೀರು ಹೊರಕ್ಕೆ ಹರಿಯದಂತೆ ಸುತ್ತಲೂ ಅಂಚು ಕಟ್ಟಿ, ನಡುವೆ ಒಂದು ತೂತು ಕೊರೆದ ದೊಡ್ಡ ತಟ್ಟೆ. ಅದರಲ್ಲಿ ನಿಂತು, ಸುತ್ತ ಗಾಜಿನ ಬಾಗಿಲನ್ನು ಎಳೆದುಕೊಂಡು, ಮೇಲಿನಿಂದ ಸುರಿಯುವ ತುಂತುರಿಗೆ ಮೈಯೊಡ್ಡಬೇಕು. ಉಳಿದ ನೆಲ ಒಣಗಿಯೇ ಇರುತ್ತದೆ. ಅಂಗಡಿಯವನು ಸಚಿತ್ರ ಪುಸ್ತಕವನ್ನು ಹರವಿ ಬಗೆಬಗೆಯ ಆಕಾರಗಳನ್ನು ತೋರಿಸಿದ. ಚೌಕವಿತ್ತು, ಆಯತವಿತ್ತು, ಹೊರಮೂಲೆಯನ್ನು ನೇರವಾಗಿ ಕತ್ತರಿಸಿದ ಪಂಚಕೋನವಿತ್ತು, ಹೊರಮೂಲೆಯನ್ನು ಕಮಾನಿನಂತೆ ದುಂಡಗೆ ಮಾಡಿದ, ಕಾಲು ಹೋಳಿಗೆಯಂತೆ ಕಾಣುವ ಇನ್ನೊಂದಿತ್ತು.

“ಸಣ್ಣ ಬಚ್ಚಲಿಗೆ ಎಲ್ಲರೂ ಈ ದುಂಡನೆಯದನ್ನೇ ಒಯ್ಯುತ್ತಾರೆ ಸರ್. ಬಾಗಿಲಿಗೆ ತಾಗುವುದಿಲ್ಲ,” ಎಂದ ಅಂಗಡಿಯವನು.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆಯತವಿಟ್ಟರೆ ಕಮೋಡಿನ ಮೇಲೆ ಕುಳಿತವನ ಮೊಣಕಾಲಿಗೆ ಎಡೆಯಿಲ್ಲ. ಚೌಕವಿಟ್ಟರೆ ಒಳಕ್ಕೆ ತೆರೆಯುವ ಬಾಗಿಲಿನ ತುದಿ ಅದರ ಹೊರಮೂಲೆಗೆ ಬಡಿಯುತ್ತದೆ. ಪಂಚಕೋನವೂ ಬಾಗಿಲಿನಿಂದ ತಪ್ಪಿಸಿಕೊಳ್ಳುತ್ತದೆಯಾದರೂ, ನೇರ ಗೆರೆ ಕಮಾನಿಗಿಂತ ಹೆಚ್ಚು ಜಾಗವನ್ನು ನುಂಗುತ್ತದೆ. ಆದ್ದರಿಂದ ದುಂಡನೆಯದೇ ಗತಿ. ಮಾಸ್ತರರು ಹೂಗುಟ್ಟಿ ಮನೆಗೆ ಬಂದರು. ಆದರೆ ಗಣಿತದವರ ಚಟ ಸುಮ್ಮನಿರಗೊಡುವುದೆ? ರಾತ್ರಿ ಊಟವಾದ ಮೇಲೆ ಹಳೆಯ ಪರೀಕ್ಷಾ ಕಾಗದದ ಹಿಂಬದಿಗೆ ಲೆಕ್ಕ ಹಾಕುತ್ತ ಕುಳಿತರು.

900 ಮಿಲಿಮೀಟರಿನ ಚೌಕವೆಂದರೆ 8,100 ಚದರ ಸೆಂಟಿಮೀಟರು. ಅದರ ಹೊರಮೂಲೆಯನ್ನು 550 ಮಿಲಿಮೀಟರು ತ್ರಿಜ್ಯದಲ್ಲಿ ದುಂಡಗೆ ಮಾಡಿದರೆ, ಇಂಥ ಟ್ರೇಗಳ ರೂಢಿಯ ಅಳತೆ ಅದು, ಕಳೆದುಹೋಗುವುದು ಸುಮಾರು 650. ಎಂದರೆ ನೂರಕ್ಕೆ ಎಂಟು. ಇದೇನು ಮಹಾ ನಷ್ಟ! ಮಾಸ್ತರರು ಪೆನ್ಸಿಲನ್ನು ಕೆಳಗಿಟ್ಟರು. ಮರಳಿ ಎತ್ತಿಕೊಂಡರು. ಮೀಯುವವನು ಜಾಗವನ್ನು ಚದರ ಸೆಂಟಿಮೀಟರಿನಲ್ಲಿ ಬಳಸುವುದಿಲ್ಲವಲ್ಲ. ಕೈಕಾಲು ಚಾಚುವ ದಿಕ್ಕಿನಲ್ಲಿ ಬಳಸುತ್ತಾನೆ. ಮೂಲೆಗೆ ಬೆನ್ನು ಮಾಡಿ ಕುಳಿತವನ ಮುಂದೆ ಚೌಕದಲ್ಲಿ ಮೂಲೆಯಿಂದ ಮೂಲೆಗೆ 127 ಸೆಂಟಿಮೀಟರು ಇರುತ್ತದೆ. ದುಂಡನೆಯದರಲ್ಲಿ ಅದು 104ಕ್ಕೆ ನಿಲ್ಲುತ್ತದೆ. ನಡುವಿನ ಅಂತರ 23 ಸೆಂಟಿಮೀಟರು, ಅಂದರೆ ಸರಿಯಾಗಿ ಒಂದು ಗೇಣು.

ನಿಂತು ಮೀಯುವವನಿಗೆ ಆ ಗೇಣಿನ ಗೊಡವೆಯಿಲ್ಲ. ಆದರೆ ಆ ಮೂಲೆಯಲ್ಲಿ ಮೀಯಬೇಕಾದವರು ನಿಂತು ಮೀಯುವವರಲ್ಲ.

ಅವರು ಮಾಸ್ತರರ ತಾಯಿ. ಅಂಕೋಲೆಯ ಹೊರವಲಯದ ಹಳೆಯ ಹಂಚಿನ ಮನೆಯಲ್ಲಿ, ಗಂಡ ತೀರಿಕೊಂಡ ಮೇಲೂ ಒಬ್ಬರೇ ಬಾಳುತ್ತಿದ್ದರು. ಎಂಬತ್ತು ತುಂಬಿತ್ತು. ಅಂಕೋಲೆಗೂ ಕಾರವಾರಕ್ಕೂ ನಡುವೆ ಸುಮಾರು 35 ಕಿಲೋಮೀಟರು. ಬಸ್ಸು ಹತ್ತಿದರೆ ಗಳಿಗೆಯ ಹಾದಿ. ಆದರೂ ಆ ಮುದುಕಿ ಮಗನ ಮನೆಗೆ ಬಂದು ಇರಲು ಒಪ್ಪದೆ ಏಳು ವರುಷ ಕಳೆದಿದ್ದರು. ಕರೆದಾಗಲೆಲ್ಲ ಒಂದೊಂದು ನೆವ. ಮೊದಲು ಇಶಾಡು ಮಾವಿನ ಮರ ಫಲ ಬಿಟ್ಟಿದೆ ಎಂದರು. ಬಳಿಕ ಆಕಳು ಗಬ್ಬವಾಗಿದೆ ಎಂದರು. ಆಕಳನ್ನು ಕೊಟ್ಟಾದ ಮೇಲೆ ನಿಜ ಸಂಗತಿ ಹೊರಬಿತ್ತು.

“ನಿನ್ನ ಮನೆಯಲ್ಲಿ ಎಲ್ಲ ಸರಿಯಪ್ಪ. ಮೀಯುವುದೇ ಸರಿಯಾಗುವುದಿಲ್ಲ,” ಎಂದರು.

ಪೇಟೆಯವರಿಗೆ ಇದು ನಗೆಯ ಮಾತಾಗಿ ಕಾಣಬಹುದು. ಅಂಕೋಲೆಯ ಆ ಬಚ್ಚಲನ್ನು ಕಂಡವರು ನಗಲಾರರು. ಮನೆಯ ಹಿಂಬದಿಗೆ, ಅಡಿಗೆಮನೆಗೆ ಆತುಕೊಂಡು, ಚೀರೆಕಲ್ಲಿನಿಂದ ಕಟ್ಟಿದ ಕತ್ತಲು ಕೋಣೆ ಅದು. ಒಂದು ಬದಿಗೆ ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೆ ಹುಗಿದಿಟ್ಟ ತಾಮ್ರದ ಹಂಡೆ. ಒಲೆಗೆ ತೆಂಗಿನ ಮಡಲು, ಸಿಪ್ಪೆ, ಕರಟ, ಕಡೆಗೆ ಹಿತ್ತಲಿನ ಕಸವೂ ಸಲ್ಲುತ್ತಿತ್ತು. ಹಂಡೆಯ ಮಗ್ಗುಲಲ್ಲಿ ತಣ್ಣೀರಿನ ಕಲ್ಲು ಮರಿಗೆ. ನಡುವೆ ನಾಲ್ಕು ಜನ ಸುತ್ತ ನಿಲ್ಲಬಹುದಾದಷ್ಟು ಅಗಲದ ಹಾಸುಗಲ್ಲು. ವರುಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಸುರಿಯುವ ಈ ಕರಾವಳಿಯಲ್ಲಿ, ಆಷಾಢದ ಸಂಜೆ ತೊಯ್ದು ಮುದ್ದೆಯಾಗಿ ಬಂದವರಿಗೆ ಮನೆಯಲ್ಲಿ ಅದಕ್ಕಿಂತ ಬೆಚ್ಚನೆಯ ತಾಣ ಬೇರೆ ಇರಲಿಲ್ಲ. ಮೀಯಲು ಹೋದ ಹುಡುಗರು ಮೀಯುವುದನ್ನು ಮರೆತು ಒಲೆಯಲ್ಲಿ ಗೇರುಬೀಜ ಸುಡುತ್ತ ಕುಳಿತಿರುತ್ತಿದ್ದರು.

ಆ ಬಚ್ಚಲಿನಲ್ಲಿ ಮೀಯುವುದೆಂದರೆ ಒಂದು ಕೆಲಸ. ಅದಕ್ಕೆ ತೋಳು ಬೀಸುವಷ್ಟು ಜಾಗ ಬೇಕು. ಮತ್ತಿಯ ಎಲೆಯನ್ನೋ ದಾಸವಾಳದ ಎಲೆಯನ್ನೋ ಕಿವುಚಿ ಗೊಂಪು ತೆಗೆದು ತಲೆಗೆ ಹಚ್ಚಬೇಕು. ಮಣೆಯ ಮೇಲೆ ಕುಳಿತು ಒಂದು ಕಾಲು ಚಾಚಿ ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಬೇಕು. ಬಳಿಕ ಹಂಡೆಯ ನೀರನ್ನು ಚೊಂಬಿನಿಂದ ಎತ್ತಿ, ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ, ಬೆನ್ನಿಗೆ ಬೀಸಿ ಹುಯ್ದುಕೊಳ್ಳಬೇಕು. ಬಾಣಂತಿಯರಿಗೆ ಎರೆಯುವ ಹೆಂಗಸು ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಮೀಯಿಸಿದ್ದೂ ಅದೇ ಕಲ್ಲಿನ ಮೇಲೆ. ಮಾಸ್ತರರೂ ಅವರ ಇಬ್ಬರು ತಂಗಿಯರೂ ಲೋಕದ ಮೊದಲ ಬಿಸಿನೀರನ್ನು ಕಂಡದ್ದು ಅಲ್ಲಿ. ಮಿಂದ ನೀರಾದರೂ ಹಾಳಾಗುತ್ತಿತ್ತೆ? ಗೋಡೆಯ ಬುಡದ ತೂತಿನಿಂದ ಹೊರಬಿದ್ದು, ಮೊದಲು ಕೆಸುವಿಗೆ, ಆ ಮೇಲೆ ಬಸಳೆಯ ಚಪ್ಪರಕ್ಕೆ, ಕೊನೆಗೆ ತೆಂಗಿನ ಬುಡಕ್ಕೆ ಸೇರುತ್ತಿತ್ತು. ಮನೆಯವರು ಚೆನ್ನಾಗಿ ಮಿಂದ ದಿನ ಬಸಳೆಗೂ ಹಬ್ಬ.

ನೋಡಹೋದರೆ ಟ್ರೇ ಎಂಬುದು ನಮ್ಮ ನೆಲದ ವಸ್ತುವೇ ಅಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಫೀಥಮ್ ಎಂಬವನು 1767ರಲ್ಲಿ ತುಂತುರು ಸ್ನಾನದ ಯಂತ್ರಕ್ಕೆ ಪೇಟೆಂಟು ಪಡೆದ. ಅಲ್ಲಿಯ ಮನೆಗಳ ಮಹಡಿಯ ನೆಲ ಮರದ ತೊಲೆ ಹಲಗೆಗಳದು. ಅದರ ಮೇಲೆ ನೀರು ಚೆಲ್ಲಿದರೆ ಹಲಗೆ ಕೊಳೆಯುತ್ತದೆ, ಕೆಳಗಿನ ಕೋಣೆಯ ಮಾಡು ಸೋರುತ್ತದೆ. ಆದ್ದರಿಂದ ನೀರನ್ನು ಒಂದು ತಟ್ಟೆಯಲ್ಲಿ ಹಿಡಿಯದೆ ಅವರಿಗೆ ಉಪಾಯವಿಲ್ಲ. ಕಲ್ಲು ಗಾರೆಗಳ ನೆಲವುಳ್ಳವರು ಹಾಗೆ ಹೆದರಬೇಕಾಗಿರಲಿಲ್ಲ. ನಾಲ್ಕು ಸಾವಿರ ವರುಷಗಳಿಗೂ ಹಿಂದೆ ಮೊಹೆಂಜೊದಾರೊದ ಮನೆಗಳಲ್ಲಿ ಸುಟ್ಟ ಇಟ್ಟಿಗೆಗಳನ್ನು ಸಂದಿಲ್ಲದಂತೆ ಕೂಡಿಸಿ ಮೀಯುವ ನೆಲ ಮಾಡಿ, ಅದನ್ನು ಒಂದು ಮೂಲೆಗೆ ಇಳಿಜಾರಾಗಿಸಿ, ನೀರನ್ನು ಬೀದಿಯ ಚರಂಡಿಗೆ ಬಿಡುತ್ತಿದ್ದರು. ಅಂಕೋಲೆಯ ಬಚ್ಚಲಿನ ಹಾಸುಗಲ್ಲನ್ನು ಇಟ್ಟ ಗವಂಡಿಗೆ ಈ ಚರಿತ್ರೆ ಗೊತ್ತಿರಲಾರದು. ಅವನ ಕೈಗೆ ಗೊತ್ತಿತ್ತು.

ಇಷ್ಟೆಲ್ಲ ಯೋಚಿಸಿದ ಮೇಲೂ ಮಾಸ್ತರರಿಗೆ ನಿರ್ಧಾರವಾಗಲಿಲ್ಲ. ಗಂಡ ಹೆಂಡಿರ ನಡುವೆ ಸಣ್ಣ ವಾದವೇ ಹೂಡಿತು. ದುಂಡನೆಯದೇ ಇರಲಿ, ಒಳಗೊಂದು ಎತ್ತರದ ಪೀಠ ಹಾಕೋಣ, ಅತ್ತೆ ಷವರಿಗೆ ಒಗ್ಗಿಕೊಳ್ಳುತ್ತಾರೆ ಎಂದರು ಮಡದಿ. ಆಕೆಯ ಮಾತಿನಲ್ಲಿ ನಿಷ್ಠುರವಿರಲಿಲ್ಲ, ದಣಿವಿತ್ತು. ನೆಲವೆಲ್ಲ ಒದ್ದೆಯಾದರೆ ದಿನಕ್ಕೆ ನಾಲ್ಕು ಸಲ ಒರೆಸುವವರು ಅವರೇ ತಾನೆ! ಇತ್ತ ನಳದ ಕೆಲಸದವನು ಇನ್ನೊಂದು ತೊಡಕನ್ನು ಮುಂದಿಟ್ಟ. ಟ್ರೇ ಕೂಡಿಸಬೇಕಾದರೆ ಅದರ ಅಡಿಗೆ ನೀರು ಹೋಗುವ ಕೊಳವೆಯ ಬಾಗು ಬರಬೇಕು. ನೆಲವನ್ನು ಅಗೆಯದಿದ್ದರೆ ಟ್ರೇಯನ್ನು ನಾಲ್ಕೈದು ಅಂಗುಲ ಎತ್ತರಿಸಿ, ಕಟ್ಟೆಯ ಮೇಲೆ ಕೂಡಿಸಬೇಕಾಗುತ್ತದೆ. ನಾಲ್ಕೈದು ಅಂಗುಲವೆಂದರೆ ಹರೆಯದವರಿಗೆ ಒಂದು ಮೆಟ್ಟಿಲೂ ಅಲ್ಲ. ಒದ್ದೆ ಕಾಲಿನ ಎಂಬತ್ತರ ಮುದುಕಿಗೆ ಅದೊಂದು ಘಟ್ಟ.

ಕೊನೆಗೆ ಮಾಸ್ತರರು ತರಗತಿಯಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡಿದರು. ಸೀಮೆಸುಣ್ಣ ತೆಗೆದುಕೊಂಡು ಪಡಸಾಲೆಯ ನೆಲದ ಮೇಲೆ, ಗೋಡೆಯ ಮೂಲೆಗೆ ಹೊಂದಿಸಿ, ಒಂದರೊಳಗೊಂದು ಆಕಾರಗಳನ್ನು ಪೂರ್ಣ ಅಳತೆಯಲ್ಲಿ ಬರೆದರು. ಚೌಕ, ಕಮಾನು, ಕತ್ತರಿಸಿದ ಮೂಲೆ. ಬಾಗಿಲು ತಿರುಗುವ ದಾರಿಯನ್ನು ಚುಕ್ಕೆಗಳಿಂದ ಗುರುತಿಸಿದರು. ಮರುದಿನ ಭಾನುವಾರ ಅಂಕೋಲೆಗೆ ಹೋಗಿ ತಾಯಿಯನ್ನು ಕರೆತಂದರು.

ಬಸ್ಸಿನಿಂದಿಳಿದು ಬಂದ ಮುದುಕಿ ನೆಲದ ಮೇಲಿನ ಗೆರೆಗಳನ್ನು ಕಂಡು ನಿಂತುಬಿಟ್ಟರು. “ಇದೇನೋ ತಮ್ಮಾ, ಮಂಡಲ ಬರೆದಿದ್ದೀಯ? ಯಾರಿಗೆ ಮಾಟ ಮಾಡಿಸುತ್ತೀ?” ಎಂದರು. ಮೊಮ್ಮಕ್ಕಳು ನಕ್ಕು ಉರುಳಾಡಿದರು.

ಮಣೆ ಬಂತು. ಬಕೆಟ್ಟು ಬಂತು. ಚೊಂಬು ಬಂತು. ನೀರಿಲ್ಲದ ಸ್ನಾನಕ್ಕೆ ಅಜ್ಜಿ ಸಿದ್ಧರಾದರು. ಮೊದಲು ದುಂಡನೆಯ ಗೆರೆಯೊಳಗೆ ಮೂಲೆಗೆ ಬೆನ್ನು ಮಾಡಿ ಕುಳಿತರು. ಬಕೆಟ್ಟನ್ನು ಮುಂದಿಟ್ಟರೆ ಕಾಲು ಚಾಚಲು ಎಡೆಯಿಲ್ಲ. ಕಾಲು ಚಾಚಿದರೆ ಬಕೆಟ್ಟು ಗೆರೆಯ ಹೊರಗೆ ಹೋಯಿತು. ಪಕ್ಕಕ್ಕಿಟ್ಟರೆ ತೋಳು ಗೋಡೆಗೆ ತಾಗಿತು. ಕಾಗದದ ಮೇಲೆ ಕಳೆದಿದ್ದ ಗೇಣು ಈಗ ನೆಲದ ಮೇಲೆ ಕಣ್ಣಿಗೆ ಕಂಡಿತು. ಅದು ಬಕೆಟ್ಟು ಕೂಡುವ ಗೇಣು! ಚೌಕದ ಗೆರೆಯೊಳಗೆ ಎಲ್ಲವೂ ಹಿಡಿಯಿತು. ಚೊಂಬು ಬಲಕ್ಕೆ ಬೀಸಿತು, ಎಡಕ್ಕೆ ಬೀಸಿತು. ಮಡದಿಯೂ ಬಾಗಿಲ ಬಳಿ ನಿಂತು ನೋಡುತ್ತಿದ್ದರು; ಏನೂ ಹೇಳಲಿಲ್ಲ.

“ಈ ಚುಕ್ಕೆಗಳು ಏನು?” ಎಂದರು ಮುದುಕಿ.

“ಅದು ಬಾಗಿಲು, ಆಯಿ. ಒಳಗೆ ತೆರೆಯುತ್ತದಲ್ಲ, ಅದರ ದಾರಿ. ಚೌಕ ಮಾಡಿದರೆ ಅದಕ್ಕೇ ಅಡ್ಡಿ.”

ಮುದುಕಿ ಬಹಳ ಹೊತ್ತು ಚುಕ್ಕೆಗಳನ್ನು ನೋಡಿದರು. ಆಮೇಲೆ ಚೊಂಬನ್ನು ಬಕೆಟ್ಟಿನೊಳಗೆ ಇಟ್ಟು, “ಬಾಗಿಲನ್ನು ಹೊರಗೆ ತೆರೆಯುವ ಹಾಗೆ ಮಾಡಿಸು,” ಎಂದರು.

“ಯಾಕೆ?”

“ಯಾಕೆಂದರೆ, ಒಳಗೆ ಬಿದ್ದವಳು ಬಾಗಿಲಿಗೇ ಅಡ್ಡ ಬಿದ್ದಿರುತ್ತಾಳೆ.”

ಆಗ ಹೊರಬಿತ್ತು ಕತೆ. ಹಿಂದಿನ ವರುಷ ಶ್ರಾವಣದಲ್ಲಿ, ಪಾಚಿಗಟ್ಟಿದ ಕಲ್ಲಿನ ಅಂಚಿನಲ್ಲಿ ಕಾಲು ಜಾರಿ ಅವರು ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಏಳಲಾಗಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದು. ಅವರ ಮೈ ಅದಕ್ಕೆ ಅಡ್ಡವಾಗಿ ಬಿದ್ದಿತ್ತು. ಕೂಗು ಕೇಳಿ ಓಡಿಬಂದ ನೆರೆಮನೆಯ ಹೆಂಗಸು ಹೊರಗಿನಿಂದ ದೂಡಿದಷ್ಟೂ ಬಾಗಿಲು ಇವರ ಸೊಂಟಕ್ಕೇ ಒತ್ತುತ್ತಿತ್ತು. ಕೊನೆಗೆ ಆಕೆಯ ಮಗ ಮಳೆಯಲ್ಲಿ ಮಾಡು ಹತ್ತಿ, ಹಂಚು ಸರಿಸಿ, ಒಳಗೆ ಇಳಿಯಬೇಕಾಯಿತು. ಅಷ್ಟರಲ್ಲಿ ಒಲೆ ಆರಿತ್ತು. ಹಂಡೆಯ ನೀರೂ ತಣಿದಿತ್ತು. ಹಂಚು ತೆಗೆದ ತೂತಿನಿಂದ ಮಳೆ ಮೈಮೇಲೆ ಸುರಿಯುತ್ತಿತ್ತು. “ನಿಮ್ಮ ಷವರು ಅಂದರೆ ಹಾಗೆಯೇ ಇರಬೇಕು,” ಎಂದು ಮುದುಕಿ ನಗಲು ನೋಡಿದರು. ಯಾರೂ ನಗಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ, ಆಯಿ?”

“ಹೇಳಿದರೆ ನೀನು ಅಂದೇ ಕರೆದುಕೊಂಡು ಬರುತ್ತಿದ್ದೆ.”

ಮಗ ಸುಮ್ಮನಾದರು. ಏಳು ವರುಷ ಕರೆದದ್ದು ಅವರೇ. ಆದರೆ ತಾಯಿ ಯಾವುದಕ್ಕೆ ಅಂಜಿ ಬರುತ್ತಿಲ್ಲ, ಯಾವುದಕ್ಕೆ ಅಂಜಿಯೂ ಅಲ್ಲಿಯೇ ಇದ್ದಾರೆ ಎಂದು ಕೇಳಿದವರಲ್ಲ. ಇತರರ ಕೈಯಿಂದ ಮೀಯಿಸಿಕೊಳ್ಳುವ ದಿನ ಬರಬಾರದೆಂಬುದೇ ಆ ಅಂಜಿಕೆ. ಮುದಿತನದಲ್ಲಿ ಒಬ್ಬರೇ ಮಿಂದು, ಸೀರೆ ಸುತ್ತಿಕೊಂಡು, ತಾವೇ ಬಾಗಿಲು ತೆರೆದು ಬರುವುದು ಎಷ್ಟು ದೊಡ್ಡ ಸ್ವಾತಂತ್ರ್ಯ ಎಂಬುದು ಅದನ್ನು ಕಳೆದುಕೊಳ್ಳುವ ಅಂಚಿನಲ್ಲಿರುವವರಿಗೇ ಗೊತ್ತು. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದ ಅಂಕೋಲೆಯ ಹೆಣ್ಣುಮಗಳು ಬಚ್ಚಲಿಗಾಗಿ ಏಳು ವರುಷ ಸತ್ಯಾಗ್ರಹ ಮಾಡಿದರೆ ಸೋಜಿಗವೇನು?

ಅಲ್ಲಿಂದ ಮುಂದಿನ ಕೆಲಸ ಬೇಗ ಸಾಗಿತು. ಬಡಗಿ ಬಂದು ಬಾಗಿಲಿನ ತಿರುಗಣಿಗಳನ್ನು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿದ. ಅಗುಳಿಯೂ ಬದಲಾಯಿತು, ಆಪತ್ತಿನಲ್ಲಿ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವಂಥದು ಬಂತು. ಬಾಗಿಲಿನ ಹಾದಿ ಬಿಡುವಾದ ಮೇಲೆ ಚೌಕಕ್ಕೆ ಯಾವ ಅಡ್ಡಿಯೂ ಉಳಿಯಲಿಲ್ಲ. ಆದರೆ ಟ್ರೇ ಮಾತ್ರ ಬರಲಿಲ್ಲ. ಕಟ್ಟಡದವರು ಬಚ್ಚಲಿನ ನೆಲವನ್ನು ಮೊದಲೇ ತಗ್ಗಿಸಿ ಹುಯ್ದಿದ್ದರಿಂದ, ಗವಂಡಿ ಮೇಲಿನ ಹಾಸನ್ನು ತೆಗೆದು, ನೀರು ಇಳಿಯದ ಲೇಪವನ್ನು ಹೊಸದಾಗಿ ಹಚ್ಚಿ, ಆ 3 ಅಡಿ ಚೌಕವನ್ನು ಉಳಿದ ನೆಲದ ಮಟ್ಟಕ್ಕೇ ಸೇರಿಸಿದ. ದಾಟಲು ಅಂಚಿಲ್ಲ, ಎಡವಲು ಕಟ್ಟೆಯಿಲ್ಲ.

ಇಳಿಜಾರಿನ ವಿಷಯದಲ್ಲಿ ಗವಂಡಿಗೂ ಮಾಸ್ತರರಿಗೂ ಸ್ವಲ್ಪ ತಿಕ್ಕಾಟವಾಯಿತು. ಗವಂಡಿ ಚೌಕದ ನಡುವೆ ಜಾಲರಿಯಿಟ್ಟು ನಾಲ್ಕು ಕಡೆಯಿಂದ ಇಳಿಜಾರು ಕೊಡುವವನಿದ್ದ. ಹಾಗೆ ಮಾಡಿದರೆ ಹಾಸುಬಿಲ್ಲೆಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ಮಣೆಯೂ ತೊಟ್ಟಿಲಂತೆ ಅಲುಗಾಡುತ್ತದೆ. ಗೋಡೆಯ ಬುಡಕ್ಕೆ ಉದ್ದನೆಯ ಜಾಲರಿಯಿಟ್ಟು, ಒಂದೇ ದಿಕ್ಕಿಗೆ, 3 ಅಡಿಗೆ ಅರ್ಧ ಅಂಗುಲ ಇಳಿಜಾರು ಕೊಡಬೇಕೆಂದು ಮಾಸ್ತರರು ಹಟ ಹಿಡಿದರು. “ಅಷ್ಟು ಕಡಿಮೆಗೆ ನೀರು ಓಡುತ್ತದೆಯೇ ಮಾಸ್ತರ್ರೇ?” ಎಂದು ಗವಂಡಿ ಸಂದೇಹಪಟ್ಟ. ಒಂದು ಚೊಂಬು ನೀರು ಹುಯ್ದು ನೋಡಿದರು, ನಿಲ್ಲದೆ ಓಡಿತು. ಬಿಲ್ಲೆಗಳೂ ಸಣ್ಣವೇ, ಒರಟು ಮುಖದವು. ಸಂದುಗಳು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ ಹೆಚ್ಚು. ತಿಕ್ಕಿ ತೊಳೆಯುವ ಕೆಲಸವೂ ಹೆಚ್ಚೆಂಬುದು ಬೇರೆ ಮಾತು. ಆ ಮೇಲೆ ಮುದುಕಿಯನ್ನು ಮಣೆಯ ಮೇಲೆ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ನೋಡಿ, ಗೋಡೆಯ ಮೇಲೆ ಅಲ್ಲಿಯೇ ಗುರುತು ಮಾಡಿ ಹಿಡಿಕೆಯನ್ನು ಬಡಿದರು. ಪುಸ್ತಕದ ಅಳತೆಯನ್ನು ಕೇಳಲಿಲ್ಲ. ಮಡದಿಯ ದಣಿವಿಗೂ ಒಂದಿಷ್ಟು ಪರಿಹಾರ ದೊರೆಯಿತು: ಚೌಕದ ಹೊರಗೆ ನೀರು ಸಿಡಿಯದಂತೆ ಗಾಜಿನ ಬದಲು ಸರಿಸುವ ಪರದೆ ಬಂತು, ಒದ್ದೆಯಾದರೆ ನೆಲ ಒರೆಸುವ ಪಾಳಿ ಮಾಸ್ತರರಿಗೆ ಬಂತು. ಕಡಲ ಗಾಳಿಗೆ ಹೆದರಿ ಜಾಲರಿಯನ್ನು ಸ್ಟೇನ್‌ಲೆಸ್ ಸ್ಟೀಲಿನದೇ ತಂದಿದ್ದರು. ಅದಕ್ಕೂ ಆರು ತಿಂಗಳಲ್ಲಿ ಕಂದು ಚುಕ್ಕೆ ಬಿತ್ತು. ಕಾರವಾರದಲ್ಲಿ ಅದು ಇದ್ದದ್ದೇ.

ಮುದುಕಿ ಬಂದದ್ದು ದೀಪಾವಳಿಗೆ ನಾಲ್ಕು ದಿನ ಮೊದಲು. ಬರುವಾಗ ಟ್ರಂಕಿನ ಜೊತೆ ಹಳೆಯ ತಾಮ್ರದ ಚೊಂಬನ್ನೂ, ಕುಂಡದಲ್ಲಿ ನೆಡಲು ಬಸಳೆಯ ಒಂದು ತುಂಡು ಬಳ್ಳಿಯನ್ನೂ ತಂದರು. ನೀರು ತುಂಬುವ ಹಬ್ಬದ ಸಂಜೆ ಮೊಮ್ಮಗಳಿಗೆ ಚಿಂತೆ ಹತ್ತಿತು. ಅಂಕೋಲೆಯಲ್ಲಾದರೆ ಹಂಡೆಯನ್ನು ತೊಳೆದು, ಜೇಡಿ ಕೆಮ್ಮಣ್ಣು ಬರೆದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತುತ್ತಿದ್ದರು. ಇಲ್ಲಿ ಹಂಡೆಯೆಲ್ಲಿದೆ? ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ಬಿಳಿಯ ಗೀಸರು ನೇತಾಡುತ್ತಿತ್ತು.

“ಬಿಸಿನೀರು ಕೊಡುವುದು ಅದೇ ತಾನೆ? ಅದಕ್ಕೇ ಕಟ್ಟು,” ಎಂದರು ಅಜ್ಜಿ.

ಮಾಸ್ತರರು ಸ್ಟೂಲು ಹತ್ತಿ ಬಳ್ಳಿಯನ್ನು ಗೀಸರಿನ ಕೊರಳಿಗೆ ಸುತ್ತಿದರು. ಮರುದಿನ ನಸುಕಿನಲ್ಲಿ, ಎಲ್ಲರಿಗಿಂತ ಮೊದಲು, ಮುದುಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಮಗ ಪತ್ರಿಕೆ ಹಿಡಿದು ಓದುವಂತೆ ನಟಿಸುತ್ತ ಕುಳಿತರು. ಚೊಂಬಿನಿಂದ ನೀರು ಬೀಸಿ ಹುಯ್ಯುವ ಸದ್ದು ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ ಕೇಳಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು:

“ತಮ್ಮಾ, ಈ ನೀರೆಲ್ಲ ಎಲ್ಲಿಗೆ ಹೋಗುತ್ತದೋ?”

“ಚರಂಡಿಗೆ ಹೋಗುತ್ತದೆ, ಆಯಿ.”

“ಹಾಳಾಯಿತು. ಒಂದು ಬಕೆಟ್ಟು ಹಿಡಿದಿಡುತ್ತೇನೆ. ಆ ಬಸಳೆಗೆ ಹುಯ್ಯಬೇಕು.”